ಅಚ್ಚಾದದ್ದು ಮತ್ತು ಓದಿಸಿಕೊಂಡದ್ದು



ನಮ್ಮ ಹುಲಗೂರಿನಲ್ಲಿ ಯಾರದಾದರೂ ಹೆಸರು ಪತ್ರಿಕೆಯಲ್ಲಿ ಅಚ್ಚಾಯಿತೆಂದರೆ ಆ ತುಣುಕನ್ನು ಕತ್ತರಿಸಿ, ಕಟ್ಟು ಹಾಕಿಸಿ, ಪಡಸಾಲೆಯ ಗೋಡೆಗೆ ತೂಗುಹಾಕುವ ರೂಢಿ ಮೊದಲಿನಿಂದಲೂ ಇದೆ. ಅಚ್ಚಾದ ಅಕ್ಷರದ ಮೇಲೆ ನಮ್ಮವರಿಗೆ ಅಷ್ಟು ಭಕ್ತಿ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತ ಮೂರು ದಶಕಗಳನ್ನು ಕಳೆದ ನನಗೂ ಆ ಭಕ್ತಿ ಇತ್ತು. ನನ್ನ ವಿದ್ಯಾರ್ಥಿಗಳಿಗೂ ಅದನ್ನೇ ಕಲಿಸಿದೆ. ಆ ಭಕ್ತಿಯೇ ಒಮ್ಮೆ ನನ್ನನ್ನು ಹೇಗೆ ದಾರಿ ತಪ್ಪಿಸಿತು ಎಂಬುದನ್ನೂ, ಆ ನೆಪದಲ್ಲಿ ನಾನು ಅರಿತುಕೊಂಡ ಒಂದು ಇತಿಹಾಸವನ್ನೂ ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

2015ರಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದ. ಅವನು ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನದ ಉಪನ್ಯಾಸಕ. ಅವನ ಕೈಯಲ್ಲಿ ಬಣ್ಣದ ರಕ್ಷಾಪುಟವಿದ್ದ ಒಂದು ಸಂಚಿಕೆ. ಅದರ ಹೆಸರಿನಲ್ಲಿ 'ಅಂತರರಾಷ್ಟ್ರೀಯ' ಎಂಬ ಶಬ್ದ ದೊಡ್ಡದಾಗಿ ಕಾಣುತ್ತಿತ್ತು. ಒಳಗೆ ಅವನ ಸಂಶೋಧನ ಪ್ರಬಂಧ. ನನಗೆ ಅದರಲ್ಲಿ ಒಂದು ಸಾಲೂ ತಿಳಿಯಲಿಲ್ಲವಾದರೂ ಆನಂದಬಾಷ್ಪ ಬಂದದ್ದು ಸುಳ್ಳಲ್ಲ. ಆ ವರ್ಷದ ಶಾಲೆಯ ಸ್ನೇಹಸಮ್ಮೇಳನದಲ್ಲಿ ಅವನನ್ನು ವೇದಿಕೆಗೆ ಕರೆಸಿ, ಶಾಲು ಹೊದಿಸಿ, "ನಮ್ಮ ಊರಿನ ಹುಡುಗನ ಬರೆಹವನ್ನು ಇಂದು ಜಗತ್ತೇ ಓದುತ್ತಿದೆ" ಎಂದು ಭಾಷಣ ಮಾಡಿದವನು ನಾನೇ.

ಮೂರು ವರ್ಷಗಳ ಬಳಿಕ, 2018ರ ಮಳೆಗಾಲದ ಒಂದು ಸಂಜೆ, ಅವನು ಮತ್ತೆ ಬಂದ. ಕುಳಿತು ಬಹಳ ಹೊತ್ತಾದರೂ ಮಾತಿಲ್ಲ. ಚಹಾ ಆರಿಹೋಯಿತು.

"ಗುರುಗಳ, ಆವತ್ತ ನೀವು ಹೊಚ್ಚಿದ ಶಾಲು ಹಂಗ ಮಡಿಚಿ ಇಟ್ಟೇನ್ರಿ. ಅದನ್ನ ತಗೊಳ್ಳೂ ಯೋಗ್ಯತಾ ನನಗಿರಲಿಲ್ರಿ" ಎಂದ.

"ಯಾಕಪಾ, ಏನಾತು?"

"ಆ ಲೇಖನ ಯಾರೂ ಓದಿಲ್ರಿ. ಮೂರು ಸಾವಿರ ರೂಪಾಯಿ ಕಟ್ಟಿದೆ, ಎರಡ ದಿನದಾಗ ಒಪ್ಪಿಗಿ ಬಂತು. ಒಂದ ಅಕ್ಷರಾನೂ ಯಾರೂ ತಿದ್ದಲಿಲ್ರಿ. ಬಡ್ತಿಗೆ ಅಂಕ ಬೇಕಾಗಿತ್ತು, ಎಲ್ಲಾರೂ ಹಂಗ ಮಾಡತಿದ್ರು, ನಾನೂ ಮಾಡಿದೆ."

ವಿಶ್ವವಿದ್ಯಾಲಯ ಅನುದಾನ ಆಯೋಗವು 2017ರಲ್ಲಿ ತನ್ನ ಮಾನ್ಯತೆಯುಳ್ಳ ನಿಯತಕಾಲಿಕೆಗಳ ಪಟ್ಟಿಯೊಂದನ್ನು ಪ್ರಕಟಿಸಿತ್ತು. 2018ರ ಮೇ ತಿಂಗಳಲ್ಲಿ ಅದರಿಂದ 4305 ನಿಯತಕಾಲಿಕೆಗಳನ್ನು ಒಂದೇ ಏಟಿಗೆ ಕಿತ್ತುಹಾಕಿತು. ನನ್ನ ಶಿಷ್ಯನ ಪ್ರಬಂಧ ಅಚ್ಚಾದ ಪತ್ರಿಕೆಯೂ ಹಾಗೆ ಹೋದವುಗಳಲ್ಲಿ ಒಂದು. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಪ್ರಬಂಧವನ್ನು ಓದದೆ ಅಚ್ಚು ಹಾಕಿದವರದು ಒಂದು ತಪ್ಪಾದರೆ, ಓದದೆ ಶಾಲು ಹೊದಿಸಿದವನದು ಇನ್ನೊಂದು ತಪ್ಪಲ್ಲವೇ?

ಆ ರಾತ್ರಿ ನಾನು ಅವನನ್ನು ಒಂದೇ ಪ್ರಶ್ನೆ ಕೇಳಿದೆ: "ನಿಮ್ಮ ಶಾಸ್ತ್ರದಾಗ ಖರೇ ಕೆಲಸ ಮಾಡಿದವರು ಅದನ್ನ ಎಲ್ಲಿ, ಹೆಂಗ ಪ್ರಕಟಸ್ತಾರ?" ಅದಕ್ಕೆ ಉತ್ತರವನ್ನು ಹುಡುಕುತ್ತ ಗುರುಶಿಷ್ಯರಿಬ್ಬರೂ ಕೆಲವು ವರ್ಷ ಕಳೆದೆವು. ಈ ವಿಷಯದಲ್ಲಿ ಅವನು ಗುರು, ನಾನು ಶಿಷ್ಯ.

ವಿಜ್ಞಾನದ ನಿಯತಕಾಲಿಕೆಗಳ ಸಂಪ್ರದಾಯ ಬಹಳ ಹಳೆಯದು. ಲಂಡನ್ನಿನ ರಾಯಲ್ ಸೊಸೈಟಿಯ 'ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್' 1665ರಲ್ಲಿ ಆರಂಭವಾಯಿತು. ಇಂದು ಲೇಖಕನು ಪ್ರಬಂಧವನ್ನು ಕಳುಹಿಸುತ್ತಾನೆ, ಸಂಪಾದಕರು ಅದನ್ನು ಅದೇ ಶಾಸ್ತ್ರದ ಬಲ್ಲವರಿಗೆ ಒಪ್ಪಿಸುತ್ತಾರೆ, ಅವರು ತಪ್ಪು ತೋರಿಸುತ್ತಾರೆ, ಲೇಖಕ ತಿದ್ದುತ್ತಾನೆ, ಮತ್ತೆ ಓದುತ್ತಾರೆ. ಹೀಗೆ ಒಂದೆರಡು ವರ್ಷ ಕಳೆದ ಬಳಿಕ ಅಚ್ಚು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಎಲ್ಲಕ್ಕೂ ನಿಯತಕಾಲಿಕೆಯೇ ಕೊನೆಯ ಪ್ರಮಾಣ.

ಕಂಪ್ಯೂಟರ್ ವಿಜ್ಞಾನ ಮಾತ್ರ ಈ ಕುಟುಂಬದಲ್ಲಿ ಬೇರೆ ಒಲೆ ಹೂಡಿದ ಕಿರಿಯ ಮಗ. ಇಲ್ಲಿ ಸಮ್ಮೇಳನಗಳದೇ ಪಾರಮ್ಯ. ಬೇರೆ ಶಾಸ್ತ್ರಗಳಲ್ಲಿ ಸಮ್ಮೇಳನವೆಂದರೆ ಅರ್ಧ ಬೆಂದ ವಿಚಾರಗಳನ್ನು ಹಂಚಿಕೊಂಡು, ಊಟ ಮಾಡಿ ಬರುವ ಕೂಟ. ಕಂಪ್ಯೂಟರಿನವರ ಒಳ್ಳೆಯ ಸಮ್ಮೇಳನಗಳಲ್ಲಿ ಹಾಗಲ್ಲ. ನಿಗದಿತ ದಿನದ ಒಳಗೆ ಪೂರ್ತಿ ಪ್ರಬಂಧವನ್ನೇ ಸಲ್ಲಿಸಬೇಕು. ಪ್ರತಿಯೊಂದನ್ನೂ ಸಾಮಾನ್ಯವಾಗಿ ಮೂವರು ಓದಿ ಅಭಿಪ್ರಾಯ ಬರೆಯುತ್ತಾರೆ. ಎರಡು ಮೂರು ತಿಂಗಳಲ್ಲಿ ತೀರ್ಮಾನ. ಬಂದವುಗಳಲ್ಲಿ ಹೆಚ್ಚಿನವು ತಿರಸ್ಕೃತವಾಗುತ್ತವೆ. ಆಯ್ಕೆಯಾದವರು ಸಭೆಯ ಮುಂದೆ ನಿಂತು ವಿವರಿಸಬೇಕು, ಕೇಳಿದ ಪ್ರಶ್ನೆಗೆ ಉತ್ತರಿಸಬೇಕು. ಆ ಪ್ರಬಂಧಗಳ ಸಂಪುಟಕ್ಕೆ ಸಮ್ಮೇಳನದ ನಡಾವಳಿ ಎಂದು ಹೆಸರು. ಸೈದ್ಧಾಂತಿಕ ಕಂಪ್ಯೂಟರ್ ವಿಜ್ಞಾನದ ಎರಡು ಹಿರಿಯ ಸಮ್ಮೇಳನಗಳಾದ 'ಫಾಕ್ಸ್' ಮತ್ತು 'ಸ್ಟಾಕ್'ಗಳ ಪರಂಪರೆ ಕ್ರಮವಾಗಿ 1960 ಮತ್ತು 1969ರಿಂದ ನಡೆದುಬಂದಿದೆ.

ಇದಕ್ಕೆ ಮುಖ್ಯ ಕಾರಣ ಅವಸರ. ಎರಡು ವರ್ಷ ಕಾಯುವಷ್ಟರಲ್ಲಿ ಆ ಯಂತ್ರವೇ ಹಳತಾಗಿ ಮೂಲೆ ಸೇರಿರುತ್ತದೆ. ಈ ಅವಸರದಿಂದ ಲಾಭವಿದ್ದಂತೆ ನಷ್ಟವೂ ಇದೆ. ಪುಟಗಳ ಮಿತಿಗಾಗಿ ಸಾಧನೆಯ ವಿವರಗಳನ್ನು "ಪೂರ್ಣ ಪಾಠದಲ್ಲಿ ನೋಡಿ" ಎಂದು ಮುಂದೂಡುತ್ತಾರೆ. ಆ ಪೂರ್ಣ ಪಾಠ ಕೆಲವೊಮ್ಮೆ ಬರುವುದೇ ಇಲ್ಲ. ಈ ಶಾಸ್ತ್ರದ ಹಿರಿಯರಲ್ಲೇ ಇದರ ಬಗ್ಗೆ ಜಗಳವಿದೆ. 2009ರಲ್ಲಿ ಮೋಶೆ ವಾರ್ಡಿ, ಲ್ಯಾನ್ಸ್ ಫೋರ್ಟ್‌ನೌ ಮುಂತಾದವರು ಅಮೆರಿಕದ ಕಂಪ್ಯೂಟರ್ ಸಂಘದ ಮುಖಪತ್ರದಲ್ಲಿ ಸಮ್ಮೇಳನಗಳ ಈ ಮೋಹವನ್ನು ಬಹಿರಂಗವಾಗಿ ಪ್ರಶ್ನಿಸಿದರು.

ಗಣಿತದ ಮಾಸ್ತರನಾದ ನನಗೆ ಇದೆಲ್ಲ ಮನದಟ್ಟಾದದ್ದು ಅವಿಭಾಜ್ಯ ಸಂಖ್ಯೆಗಳ ಒಂದು ಪ್ರಸಂಗದಿಂದ. ಕೊಟ್ಟ ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಯಲು ಅದನ್ನು 2, 3, 5, 7 ಎಂದು ಒಂದೊಂದರಿಂದ ಭಾಗಿಸಿ ನೋಡುವುದನ್ನು ನಾನು ಸಾವಿರಾರು ಮಕ್ಕಳಿಗೆ ಕಲಿಸಿದ್ದೇನೆ. ಸಂಖ್ಯೆ ನೂರಾರು ಅಂಕಿಗಳದಾದರೆ ಈ ದಾರಿಯಲ್ಲಿ ಯುಗಗಳೇ ಸಾಲವು. ಎಲ್ಲ ಸಂಖ್ಯೆಗಳಿಗೂ ಸಲ್ಲುವ, ಊಹೆಯನ್ನು ನಂಬದ, ಅಂಕಿಗಳು ಹೆಚ್ಚಿದರೂ ಕೈಮೀರದ ವಿಧಾನವೊಂದನ್ನು 2002ರ ಆಗಸ್ಟಿನಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್ ಮತ್ತು ಅವರ ಇಬ್ಬರು ತರುಣ ಶಿಷ್ಯರಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕಂಡುಹಿಡಿದರು. ಅವರು ಯಾವ ಪತ್ರಿಕೆಯನ್ನೂ ಕಾಯದೆ ಕೆಲವೇ ಪುಟಗಳ ಪ್ರಬಂಧವನ್ನು ಬಲ್ಲವರಿಗೆ ಮಿಂಚಂಚೆಯಲ್ಲಿ ಕಳುಹಿಸಿ, ಅಂತರಜಾಲದಲ್ಲಿ ಇಟ್ಟರು. ಕೆಲವೇ ದಿನಗಳಲ್ಲಿ ಲೋಕದ ಪಂಡಿತರು ಅದನ್ನು ಒರೆಗೆ ಹಚ್ಚಿ ಸರಿಯೆಂದರು. 'ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್' ಪತ್ರಿಕೆಯಲ್ಲಿ ಅದು ಅಚ್ಚಾದದ್ದು 2004ರಲ್ಲಿ. ಅಚ್ಚಾಗುವ ಮೊದಲೇ ಅದು ಓದಿಸಿಕೊಂಡಿತ್ತು. ಆ ಶಿಷ್ಯರಲ್ಲಿ ಒಬ್ಬರಾದ ನೀರಜ್ ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯವನ್ನು ಸೇರಿದರು.

ಹೀಗೆ ಕಥೆ ನಮ್ಮ ನಾಡಿಗೆ ಬಂದಿತು. ಆದರೆ ಬೆಂಗಳೂರಿಗೂ ವಿಜ್ಞಾನದ ಪ್ರಕಟಣೆಗೂ ಇರುವ ನಂಟು ಕಂಪ್ಯೂಟರಿಗಿಂತ ಹಳೆಯದು. ಸಿ. ವಿ. ರಾಮನ್ ತಮ್ಮ ಪರಿಣಾಮದ ವಿಷಯವಾಗಿ 1928ರ ಮಾರ್ಚ್ 16ರಂದು ಉಪನ್ಯಾಸ ಮಾಡಿದ್ದು ಬೆಂಗಳೂರಿನಲ್ಲಿ. ಆ ಉಪನ್ಯಾಸವನ್ನು ತಡಮಾಡದೆ ಭಾರತದ ಭೌತಶಾಸ್ತ್ರ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ, ಪ್ರತಿಗಳನ್ನು ಹೊರದೇಶದ ವಿಜ್ಞಾನಿಗಳಿಗೆ ಅಂಚೆಯಲ್ಲಿ ರವಾನಿಸಿದರು. 1932ರಲ್ಲಿ ಬೆಂಗಳೂರಿನಿಂದ 'ಕರೆಂಟ್ ಸೈನ್ಸ್' ಹೊರಟಿತು. 1934ರಲ್ಲಿ ರಾಮನ್ನರು ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಇಲ್ಲಿಯೇ ಸ್ಥಾಪಿಸಿ, ಅದೇ ವರ್ಷ ಅದರ ನಡಾವಳಿಯನ್ನೂ ಆರಂಭಿಸಿದರು. ನಮ್ಮವರ ಶೋಧವನ್ನು ಓದಲು ನಮ್ಮವರೇ ಪರದೇಶದ ಪತ್ರಿಕೆಗೆ ಚಂದಾ ಕಟ್ಟಿ ಕಾಯುವಂತಾಗಬಾರದೆಂಬ ಅಭಿಮಾನ ಈ ಉದ್ಯಮಗಳ ಹಿಂದೆ ಇತ್ತು.

ಇದೇ ಅಭಿಮಾನದ ಇನ್ನೊಂದು ಕವಲಿನಂತೆ ನನಗೆ ಕಾಣುವುದು 1981ರ ಒಂದು ಸಮ್ಮೇಳನ. ತಂತ್ರಾಂಶ ತಂತ್ರಜ್ಞಾನದ ತಳಹದಿ ಮತ್ತು ಸೈದ್ಧಾಂತಿಕ ಕಂಪ್ಯೂಟರ್ ವಿಜ್ಞಾನ ಎಂಬ ಉದ್ದನೆಯ ಹೆಸರಿನ ಆ ಸಮ್ಮೇಳನವನ್ನು ಬಲ್ಲವರು 'ಎಫ್ಎಸ್‌ಟಿಟಿಸಿಎಸ್' ಎಂದೇ ಕರೆಯುತ್ತಾರೆ. ಅದರ ಮೊದಲ ಅಧಿವೇಶನ ನಡೆದದ್ದು ಬೆಂಗಳೂರಿನಲ್ಲಿ. ಆ ದಿನಗಳನ್ನು ನೆನೆಯಿರಿ. ಹೊರದೇಶದ ಪತ್ರಿಕೆ ಹಡಗಿನ ಅಂಚೆಯಲ್ಲಿ ತಿಂಗಳುಗಟ್ಟಲೆ ತಡವಾಗಿ ಬರುತ್ತಿತ್ತು. ಅಮೆರಿಕದ ಸಮ್ಮೇಳನಕ್ಕೆ ಹೋಗಿಬರುವ ಖರ್ಚು ಒಬ್ಬ ಅಧ್ಯಾಪಕನ ಸಂಬಳಕ್ಕೆ ನಿಲುಕುವಂಥದಲ್ಲ. ಪ್ರಕಟಣೆಯೆಲ್ಲ ಸಮ್ಮೇಳನದಲ್ಲಿ ಎಂದಾದಾಗ, ಸಮ್ಮೇಳನಕ್ಕೆ ಹೋಗಲಾರದವನು ಪ್ರಕಟವಾಗುವ ಬಗೆ ಹೇಗೆ? ಸಮ್ಮೇಳನವನ್ನೇ ಇಲ್ಲಿ ನಡೆಸುವುದೊಂದೇ ದಾರಿ. ಆ ದಾರಿಯನ್ನು ಅವರು ಹಿಡಿದರು.

1984ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲೇ ನಡೆದ ನಾಲ್ಕನೆಯ ಸಮ್ಮೇಳನದ ನಡಾವಳಿಯನ್ನು ಜರ್ಮನಿಯ ಸ್ಪ್ರಿಂಗರ್ ಸಂಸ್ಥೆ ತನ್ನ ಪ್ರಸಿದ್ಧ ಉಪನ್ಯಾಸ ಮಾಲಿಕೆಯಲ್ಲಿ 181ನೆಯ ಸಂಪುಟವಾಗಿ ಹೊರತಂದಿತು. ಸಂಪಾದಕರು ಮಥಾಯ್ ಜೋಸೆಫ್ ಮತ್ತು ರುದ್ರಪಟ್ಟಣದ ಹೆಸರನ್ನು ತಮ್ಮ ಹೆಸರಿನೊಂದಿಗೆ ಹೊತ್ತ ಆರ್. ಕೆ. ಶ್ಯಾಮಸುಂದರ್. ಸಂಗೀತಗಾರರ ಊರೆಂದು ನಾವು ಬಲ್ಲ ರುದ್ರಪಟ್ಟಣದ ಹೆಸರು ಹೀಗೆ ಕಂಪ್ಯೂಟರ್ ವಿಜ್ಞಾನದ ಗ್ರಂಥಾಲಯಗಳಿಗೂ ಹೋಯಿತೆಂಬುದು ಸಣ್ಣ ಸಂತೋಷವಲ್ಲ. ಸಂಪುಟವು ಆ ಮಾಲಿಕೆಯಲ್ಲಿ ಬಂದುದರಿಂದ ಲೋಕದ ದೊಡ್ಡ ಗ್ರಂಥಾಲಯಗಳಿಗೆಲ್ಲ ತಲುಪಿತು. ಅಲ್ಲಿಂದ 2007ರವರೆಗೆ ಅದೇ ಏರ್ಪಾಡು ಮುಂದುವರಿಯಿತು.

ಇದರಲ್ಲಿಯೂ ಒಂದು ವಿಪರ್ಯಾಸವಿತ್ತು. ಪ್ರಬಂಧ ಬರೆದವರಿಗೆ ಸಂಭಾವನೆಯಿಲ್ಲ. ಓದಿ ತಿದ್ದಿದವರಿಗೂ ಇಲ್ಲ. ಸಮ್ಮೇಳನ ನಡೆಸಿದವರಿಗೂ ಇಲ್ಲ. ಆದರೆ ಸಂಪುಟವನ್ನು ಓದಬೇಕೆನ್ನುವ ಕಾಲೇಜು ದೊಡ್ಡ ಬೆಲೆ ತೆರಬೇಕು. ತನ್ನ ಹೊಲದ ಜೋಳವನ್ನು ಪೇಟೆಯಲ್ಲಿ ದುಬಾರಿ ಬೆಲೆಗೆ ಕೊಳ್ಳುವ ರೈತನ ಪಾಡು ನಮ್ಮ ಭಾಗದವರಿಗೆ ಹೊಸದಲ್ಲ. ಇದಕ್ಕೆ ಮದ್ದು ಹುಡುಕುವ ಕೆಲಸವೂ ಬೆಂಗಳೂರಿನಲ್ಲಿ ನಡೆಯಿತು. 2002ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ವಿದ್ವಾಂಸರ ಪ್ರಬಂಧಗಳನ್ನು ಅಂತರಜಾಲದಲ್ಲಿ ಇರಿಸುವ ಭಂಡಾರವನ್ನು ತೆರೆಯಿತು. ಸಂಸ್ಥೆಯೊಂದು ನಡೆಸುವ ಅಂಥ ಭಂಡಾರ ದೇಶದಲ್ಲಿ ಅದೇ ಮೊದಲು.

2008ರಲ್ಲಿ ಸಮ್ಮೇಳನದವರು ಇನ್ನೂ ದಿಟ್ಟ ಹೆಜ್ಜೆಯಿಟ್ಟರು. ಆ ವರ್ಷದ ಡಿಸೆಂಬರಿನಲ್ಲಿ ಸಮ್ಮೇಳನ ಮತ್ತೆ ಬೆಂಗಳೂರಿನಲ್ಲಿತ್ತು. ರಮೇಶ್ ಹರಿಹರನ್, ಮಾಧವನ್ ಮುಕುಂದ್ ಮತ್ತು ವಿ. ವಿನಯ್ ಸಂಪಾದಿಸಿದ ನಡಾವಳಿಯನ್ನು ಮಾರಾಟದ ಪ್ರಕಾಶಕರಿಗೆ ಕೊಡದೆ, ಜರ್ಮನಿಯ ಡಾಗ್‌ಸ್ಟೂಲ್ ಎಂಬಲ್ಲಿರುವ ಕಂಪ್ಯೂಟರ್ ವಿಜ್ಞಾನ ಕೇಂದ್ರದ ಮುಕ್ತ ಸರಣಿಯಲ್ಲಿ ಪ್ರಕಟಿಸಿದರು. ಲೇಖಕರ ಹಕ್ಕು ಲೇಖಕರಲ್ಲೇ ಉಳಿಯಿತು; ಓದುಗನಿಗೆ ಬೆಲೆಯಿಲ್ಲ. 'ಲಿಪಿಕ್ಸ್' ಎಂಬ ಆ ಸರಣಿಗೆ ಅದೇ ಆಗ ಆರಂಭ. ಮೊದಲ ಸಂಪುಟ ಯುರೋಪಿನ 'ಸ್ಟಾಕ್ಸ್' ಸಮ್ಮೇಳನದ್ದು. ಎರಡನೆಯ ಸಂಪುಟವೇ ನಮ್ಮ ಬೆಂಗಳೂರಿನದು. ಮುಂದೆ ಹಿರಿಯ ಸಮ್ಮೇಳನಗಳು ಎಷ್ಟೋ ಈ ಸರಣಿಯನ್ನು ಸೇರಿದವು. ದೊಡ್ಡವರು ನಡೆದ ದಾರಿಯಲ್ಲಿ ನಾವು ಹಿಂದೆ ಹೋಗುವುದು ಸಾಮಾನ್ಯ. ಇಲ್ಲಿ ನಮ್ಮವರು ಮುಂದಿನ ಸಾಲಿನಲ್ಲಿದ್ದರು.

ಇತ್ತ ಅದೇ ವರ್ಷಗಳಲ್ಲಿ, ಅದೇ ದೇಶದಲ್ಲಿ, ಇನ್ನೊಂದು ಕಥೆ ಬೆಳೆಯುತ್ತಿತ್ತು. ಅನುದಾನ ಆಯೋಗವು 2010ರ ನಿಯಮಾವಳಿಯಲ್ಲಿ ಅಧ್ಯಾಪಕರ ನೇಮಕ, ಬಡ್ತಿಗಳಿಗೆ ಪ್ರಕಟಣೆಗಳನ್ನು ಅಂಕಗಳಲ್ಲಿ ಅಳೆಯುವ ಪದ್ಧತಿಯನ್ನು ತಂದಿತು. 2016ರ ನಿಯಮಾವಳಿ ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮುನ್ನ ನಿಯತಕಾಲಿಕೆಯಲ್ಲಿ ಒಂದು ಲೇಖನ, ಸಮ್ಮೇಳನಗಳಲ್ಲಿ ಎರಡು ಮಂಡನೆ ಕಡ್ಡಾಯವೆಂದಿತು. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ದಿನಕ್ಕೆ ನಾಲ್ಕು ತಾಸು ಪಾಠ, ಮೇಲೆ ಪ್ರಯೋಗಶಾಲೆ, ಮೌಲ್ಯಮಾಪನ ಮಾಡುವ ಸಣ್ಣ ಊರಿನ ಉಪನ್ಯಾಸಕನಿಗೆ ಪುಸ್ತಕವಿಲ್ಲ, ಸಮಯವಿಲ್ಲ, ದಾರಿ ತೋರುವವರಿಲ್ಲ; ಅಂಕ ಮಾತ್ರ ಬೇಕು. ಬೇಡಿಕೆ ಇದ್ದಲ್ಲಿ ಅಂಗಡಿ ತೆರೆಯುತ್ತದೆ.

ಆ ಅಂಗಡಿಗಳ ಬಂಡವಾಳ ಹೊರಬಿದ್ದದ್ದು 2013ರಲ್ಲಿ. ಜಾನ್ ಬೊಹ್ಯಾನನ್ ಎಂಬ ಪತ್ರಕರ್ತರು, ಕಲ್ಲುಹೂವಿನಿಂದ ತೆಗೆದ ವಸ್ತುವೊಂದು ಕ್ಯಾನ್ಸರ್ ಕಣಗಳನ್ನು ತಡೆಯುತ್ತದೆಂದು ಬೇಕೆಂತಲೇ ತಪ್ಪುಗಳನ್ನು ತುಂಬಿದ ಸುಳ್ಳು ಪ್ರಬಂಧ ಬರೆದು 304 ಪತ್ರಿಕೆಗಳಿಗೆ ಕಳುಹಿಸಿದರು. 157 ಪತ್ರಿಕೆಗಳು ಒಪ್ಪಿಕೊಂಡವು! ಆ ಪತ್ರಿಕೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಭಾರತದಲ್ಲಿ ನೆಲೆಯೂರಿದ್ದವು ಎಂಬುದು ನಾವು ತಲೆ ತಗ್ಗಿಸಬೇಕಾದ ಸಂಗತಿ.

ಹಾಗೆಂದು ಇದು ಬಡವರ ಪಾಪ ಮಾತ್ರವಲ್ಲ. 2005ರಲ್ಲಿ ಅಮೆರಿಕದ ಎಂಐಟಿಯ ಮೂವರು ವಿದ್ಯಾರ್ಥಿಗಳು ಕಂಪ್ಯೂಟರ್ ವಿಜ್ಞಾನದ ಪ್ರಬಂಧದಂತೆಯೇ ಕಾಣುವ ಅರ್ಥಹೀನ ಬರೆಹವನ್ನು ತಾನೇ ಹೆಣೆಯುವ ತಂತ್ರಾಂಶವನ್ನು ವಿನೋದಕ್ಕೆಂದು ರಚಿಸಿದರು. ಅದು ಹೆಣೆದ ಒಂದು ಪ್ರಬಂಧವನ್ನು ಸಮ್ಮೇಳನವೊಂದು ಸ್ವೀಕರಿಸಿಯೂ ಬಿಟ್ಟಿತು. ಫ್ರಾನ್ಸಿನ ಸಿರಿಲ್ ಲಾಬೆ ಎಂಬ ವಿದ್ವಾಂಸರು ಇಂಥ ಬರೆಹಗಳನ್ನು ಹುಡುಕಿ ತೋರಿಸಿದ ಮೇಲೆ, 2014ರಲ್ಲಿ ಹೆಸರಾಂತ ಇಬ್ಬರು ಪ್ರಕಾಶಕರು ತಮ್ಮ ನಡಾವಳಿಗಳಿಂದ 120ಕ್ಕೂ ಹೆಚ್ಚು ಪ್ರಬಂಧಗಳನ್ನು ಹಿಂತೆಗೆಯಬೇಕಾಯಿತು. ದುಬಾರಿ ಬೆಲೆಯ ಸಂಪುಟಗಳನ್ನೂ ಯಾರೂ ಓದಿರಲಿಲ್ಲವೆಂದಾಯಿತು!

ನಿಯಮಗಳು ಆಮೇಲೆ ಬದಲಾದವು. 2019ರಲ್ಲಿ ಆಯೋಗ ಹೊಸದೊಂದು ಪಟ್ಟಿ ಮಾಡಿತು, 2022ರಲ್ಲಿ ಪಿಎಚ್.ಡಿ.ಗೆ ಪ್ರಕಟಣೆಯ ಕಡ್ಡಾಯವನ್ನು ಕೈಬಿಟ್ಟಿತು. 2025ರ ಫೆಬ್ರುವರಿಯಲ್ಲಿ ಆ ಹೊಸ ಪಟ್ಟಿಯನ್ನೂ ನಿಲ್ಲಿಸಿತು. ಇತ್ತ ಪ್ರಬಂಧಗಳ ಪ್ರವಾಹ ಮಾತ್ರ ತಗ್ಗಿಲ್ಲ. ಕೃತಕ ಬುದ್ಧಿಮತ್ತೆಯ 'ನ್ಯೂರಿಪ್ಸ್' ಎಂಬ ಒಂದೇ ಸಮ್ಮೇಳನಕ್ಕೆ 2025ರಲ್ಲಿ 20,000ಕ್ಕೂ ಹೆಚ್ಚು ಪ್ರಬಂಧಗಳು ಬಂದವು. ಯಂತ್ರವೇ ಬರೆದುಕೊಡುವ ಕಾಲ ಬಂದಿದೆ. ಅಷ್ಟನ್ನೂ ಓದುವವರು ಯಾರು? ಪಟ್ಟಿಗಳಿಂದ ಈ ಪ್ರಶ್ನೆಗೆ ಉತ್ತರ ಸಿಗಲಾರದು.

ಇನ್ನು ನನ್ನ ಶಿಷ್ಯನ ವಿಷಯ. ಅವನು ಆ ಲೇಖನವನ್ನು ತನ್ನ ಅರ್ಹತೆಯ ಪಟ್ಟಿಯಿಂದ ತೆಗೆದುಹಾಕಿದ. ಯಾರೂ ಕೇಳಿರಲಿಲ್ಲ, ತಾನೇ ತೆಗೆದ. ಬಳಿಕ ರಜೆಗೆ ಊರಿಗೆ ಬಂದಾಗಲೆಲ್ಲ ನನ್ನ ಪಡಸಾಲೆಯಲ್ಲಿ ಕುಳಿತು, ಬೆಂಗಳೂರಿನ ಆ ಮುಕ್ತ ಸಂಪುಟಗಳಿಂದ ಒಂದೊಂದೇ ಪ್ರಬಂಧವನ್ನು ಮೊಬೈಲಿನಲ್ಲಿ ಇಳಿಸಿಕೊಂಡು ಓದತೊಡಗಿದ. ಹುಲಗೂರಿನಲ್ಲಿ ಕುಳಿತವನಿಗೂ ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಕುಳಿತವನಿಗೂ ಒಂದೇ ಪುಟ, ಒಂದೇ ದಿನ, ಬೆಲೆಯಿಲ್ಲದೆ. 2008ರ ಆ ನಿರ್ಧಾರದ ಅರ್ಥ ನನಗೆ ಪೂರ್ಣವಾಗಿ ಹೊಳೆದದ್ದು ಆಗ. ಪ್ರಬಂಧದೊಳಗಿನ ಗಣಿತದ ಒಂದೆರಡು ಮೆಟ್ಟಿಲುಗಳನ್ನು ನಾನೂ ಹತ್ತಿದೆ. ಮುಂದೆ ಏದುಸಿರು ಬಂದು ಕುಳಿತೆ. ಅವನು ಹತ್ತುತ್ತ ಹೋದ.

2022ರ ದೀಪಾವಳಿಗೆ ಬಂದವನು ಬಾಗಿಲಲ್ಲೇ ಕಾಗದಗಳನ್ನು ಹಿಡಿದು ನಿಂತಿದ್ದ. ಮೂರು ವರ್ಷ ದುಡಿದು ಒಂದು ಪ್ರಬಂಧ ಬರೆದು ಒಳ್ಳೆಯ ಸಮ್ಮೇಳನವೊಂದಕ್ಕೆ ಕಳುಹಿಸಿದ್ದ. ಅದು ತಿರಸ್ಕೃತವಾಗಿತ್ತು.

"ಬೇಜಾರ ಮಾಡ್ಕೋಬ್ಯಾಡಪಾ" ಎಂದೆ.

"ಬೇಜಾರ ಎಲ್ಲಿದ್ರಿ ಗುರುಗಳ! ಇಲ್ಲಿ ನೋಡ್ರಿ. ಮೂರ ಮಂದಿ ಓದ್ಯಾರ್ರಿ!"

ಪರಿಶೀಲಕರ ಮೂರು ಅಭಿಪ್ರಾಯಗಳನ್ನು ಅವನು ಮುದ್ರಿಸಿ ತಂದಿದ್ದ. ಹೆಸರು ತಿಳಿಯದ ಆ ಮೂವರಲ್ಲಿ ಒಬ್ಬರು ನಾಲ್ಕನೆಯ ಪುಟದ ಒಂದು ಮೆಟ್ಟಿಲು ಸಡಿಲವಾಗಿದೆಯೆಂದು ತೋರಿಸಿದ್ದರು. ಇನ್ನೊಬ್ಬರು ಇದೇ ವಿಚಾರ ಹಿಂದೆ ಎಲ್ಲಿ ಬಂದಿದೆಯೆಂದು ಸೂಚಿಸಿದ್ದರು. ಮೂರನೆಯವರು ಕೊನೆಯ ಭಾಗ ಚೆನ್ನಾಗಿದೆ, ಅದನ್ನೇ ಬೆಳೆಸಿರಿ ಎಂದಿದ್ದರು. ನಾನು ಆ ಹಾಳೆಗಳನ್ನು ತಿರುವುತ್ತ, ಮೂವತ್ತು ವರ್ಷ ಕೆಂಪು ಮಸಿಯಲ್ಲಿ ತಿದ್ದಿದ ನೋಟುಬುಕ್ಕುಗಳನ್ನು ನೆನೆದೆ. ಪುಟದ ತುಂಬ ಕೆಂಪು ಗೆರೆಗಳಿದ್ದರೆ ಮಕ್ಕಳು ಅಳುತ್ತಿದ್ದರು. ಗೆರೆಯೇ ಇಲ್ಲದ ಪುಟವನ್ನು ಮಾಸ್ತರ ನೋಡಿಯೇ ಇಲ್ಲದಿರಬಹುದೆಂದು ಆ ಮಕ್ಕಳಿಗೆ ಯಾರು ಹೇಳಬೇಕಿತ್ತು?

ನಮ್ಮ ಊರಿನ ಖಾದರಶಾವಲಿಯ ದರ್ಗಾದ ಮುಂದೆ ಹಾದುಹೋಗುವಾಗ ಶಿಶುನಾಳದ ಶರೀಫರ ನೆನಪಾಗದೆ ಇರದು. ಈ ಸಂತನ ವರದಿಂದಲೇ ಶರೀಫರು ಹುಟ್ಟಿದರೆಂಬ ನಂಬಿಕೆ ನಮ್ಮ ಭಾಗದಲ್ಲಿದೆ. 1819ರಿಂದ 1889ರವರೆಗೆ ಬಾಳಿದ ಅವರ ತತ್ತ್ವಪದಗಳು ಮೊದಲು ಹರಡಿದ್ದು ಅಚ್ಚಿನಿಂದಲ್ಲ. ಒಬ್ಬರು ಹಾಡಿದರು, ಇನ್ನೊಬ್ಬರು ಕೇಳಿ ಒಪ್ಪಿದರು, ತಾವೂ ಹಾಡಿದರು. ಪುಸ್ತಕ ಆಮೇಲೆ ಬಂತು. ಸಂಶೋಧನೆಯ ಪ್ರಕಟಣೆಗೆ ಬೇಕಾದ ಕಟ್ಟುನಿಟ್ಟು ಬೇರೆ ಎಂಬುದನ್ನು ಬಲ್ಲೆ. ಆದರೂ ಎರಡರ ಜೀವ ಒಂದೇ ಕಡೆ ಇದೆ: ಎದುರಿಗೆ ಒಬ್ಬ ಕೇಳುವವನು ಇರಬೇಕು.

ಶಿಷ್ಯನ ಅಪ್ಪಣೆ ಪಡೆದೇ ಇದನ್ನು ಬರೆದಿದ್ದೇನೆ. ಆ ದೀಪಾವಳಿಯಂದು ಅವನು ಹಳೆಯ ಶಾಲನ್ನು ಮರಳಿಸಲೆಂದು ತಂದಿದ್ದ. ನಾನು ಅದನ್ನು ಬಿಚ್ಚಿ ಅವನಿಗೇ ಮತ್ತೆ ಹೊದಿಸಿದೆ. ಈ ಸಲ ವೇದಿಕೆ ಇರಲಿಲ್ಲ, ಭಾಷಣವೂ ಇರಲಿಲ್ಲ. ಮೂವರು ಅಪರಿಚಿತರ ತಿದ್ದುಪಡಿಗಳು ನಮ್ಮಿಬ್ಬರ ನಡುವೆ ಚಾಪೆಯ ಮೇಲೆ ಹರಡಿಕೊಂಡಿದ್ದವು. ನಾಲ್ಕನೆಯ ಪುಟದಿಂದ ಮತ್ತೆ ಓದಲು ಕುಳಿತೆವು.